ಬೇಲಿ ಪಕ್ಕದ ನಾಲ್ಕು ಸಾಲು

ಅಕ್ಕನ ತೊಡೆಯ ಮೂಳೆಯೊಳಕ್ಕೆ ರಾಡು ಇಳಿಸುವಾಗ ಸುತ್ತಿಗೆಯ ಸದ್ದು ನನಗೆ ಹೊರಗೆ ಕೇಳಿಸಿತು ಎಂದು ಬಹಳ ಜನಕ್ಕೆ ಹೇಳಿದ್ದೇನೆ. ಎಷ್ಟು ಏಟು ಅಂತಲೂ ಹೇಳಿದ್ದೇನೆ. ಒಬ್ಬರ ಹತ್ತಿರ ಹನ್ನೊಂದು, ಇನ್ನೊಬ್ಬರ ಹತ್ತಿರ ಹದಿನಾಲ್ಕು. ಅದು ಕೋಲಾರದ ಒಂದು ಸಣ್ಣ ಆಸ್ಪತ್ರೆ. ಆಪರೇಷನ್ ಕೋಣೆ ಎರಡು ಬಾಗಿಲುಗಳ ಆಚೆ ಇತ್ತು, ನಾನು ಕೂತಿದ್ದ ಬೆಂಚಿನ ನೆತ್ತಿಯ ಮೇಲೆ ಟಿವಿ ಕಿರುಚುತ್ತಿತ್ತು. ಕೇಳಿಸಿರಲು ಸಾಧ್ಯವಿಲ್ಲ. ಸೊಂಟದಿಂದ ಕೆಳಗೆ ಮಾತ್ರ ಮರಗಟ್ಟಿಸಿದ್ದರಿಂದ ಅಕ್ಕ ಎಚ್ಚರವಾಗಿದ್ದಳು. ಕೇಳಿಸಿದ್ದು ಅವಳಿಗೆ. ಹಸು ಕಟ್ಟೋಕೆ ಗೂಟ ಹೊಡೀತಾರಲ್ಲ ಹಾಗಿತ್ತು, ನೆಲ ಮಾತ್ರ ನಾನು ಎಂದು ಅವಳು ಮಾರನೆಯ ದಿನ ಹೇಳಿದಳು. ಅದನ್ನು ನಾನು ಎತ್ತಿಕೊಂಡು ನನ್ನ ಕಿವಿಯೊಳಗೆ ಇಟ್ಟುಕೊಂಡೆ.

ಯಾಕೆ ಇಟ್ಟುಕೊಂಡೆ ಅನ್ನುವುದು ಈಗ ಗೊತ್ತು. ಆ ವಾರ ನಾನು ನಿಜವಾಗಿ ಕೇಳಿದ ಮೂಳೆಯ ಸದ್ದು ಬೇರೆ. ಅದನ್ನು ಮುಚ್ಚಲು ನನಗೆ ಇನ್ನೊಂದು ಸದ್ದು ಬೇಕಾಗಿತ್ತು.

ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಹುತ್ತೂರಿನ ಕಡೆಯ ಒಂದು ಹಳ್ಳಿಗೆ ಕೊಟ್ಟಿದ್ದಾರೆ. ಮನೆಯ ಹಿಂದೆ ಹಿಪ್ಪುನೇರಳೆ ತೋಟ, ತೋಟದ ಅಂಚಿಗೆ ಹುಳು ಮನೆ. ಭಾವ ತರಕಾರಿ ಟೆಂಪೊ ಓಡಿಸುತ್ತಾನೆ, ಮಾಲೂರಿಗೆ, ಕೋಲಾರಕ್ಕೆ. ರೇಷ್ಮೆಹುಳ ಸಾಕುವುದೆಲ್ಲ ಅಕ್ಕನದು. ಎದೆಯ ಗಡ್ಡೆ ತೆಗೆಸಿ, ಅದಕ್ಕೆ ಬೇಕಾದ ಔಷಧಿಯನ್ನೆಲ್ಲ ಏರಿಸಿಕೊಂಡು, ಉದುರಿದ ಕೂದಲು ಮತ್ತೆ ಬಂದು ಜಡೆ ಹಾಕಿಕೊಳ್ಳುವಷ್ಟಾಗಿತ್ತು. ಆಗ ಬಲತೊಡೆಯಲ್ಲಿ ನೋವು ಶುರುವಾಯಿತು. ಕೂತರೆ ಇಲ್ಲ, ನಡೆದರೆ ಇದೆ. ಅವಳು ಅದನ್ನು ಸೊಪ್ಪು ಹೊತ್ತ ನೋವು ಎಂದಳು.

ನಾನು ಕೋಲಾರದ ಒಂದು ಕಾಲೇಜಿನ ಆಫೀಸಿನಲ್ಲಿ ಗುಮಾಸ್ತ. ಡಾಕ್ಟರ ಹತ್ತಿರ ಕರೆದುಕೊಂಡು ಹೋದದ್ದು ನಾನೇ. ಮೂಳೆ ಡಾಕ್ಟರು ನನಗಿಂತ ಚಿಕ್ಕವರು. ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದು ತೊಡೆಯ ಮೂಳೆಯ ಮೇಲುಭಾಗದಲ್ಲಿ ಬೆರಳಿಟ್ಟರು. ಅಲ್ಲಿ ಯಾರೋ ಒಳಗಿನಿಂದ ಕೆರೆದು ತಿಂದಂತಿತ್ತು. ಹಳೆಯ ರೋಗ ಮೂಳೆಗೆ ಇಳಿದಿದೆ, ಅದಕ್ಕೆ ಬೆಂಗಳೂರಿನಲ್ಲಿ ಕರೆಂಟು, ಅಂದರೆ ರೇಡಿಯೇಷನ್, ಕೊಡಿಸಬೇಕು, ಆದರೆ ಅದಕ್ಕೂ ಮೊದಲು ಈ ಮೂಳೆಯೊಳಗೆ ಉದ್ದಕ್ಕೂ ಒಂದು ರಾಡು ಇಳಿಸಿ ಮೇಲೆ ಕೆಳಗೆ ಸ್ಕ್ರೂ ಹಾಕಿ ಬಿಗಿಯಬೇಕು ಎಂದರು. ಹಾಸಿಗೆಯಲ್ಲಿ ಮಗ್ಗಲು ಬದಲಿಸುವಾಗಲೂ ಮುರಿಯಬಹುದು, ಆ ಕಾಲನ್ನು ಊರಲೇಬೇಡಿ ಎಂದರು.

ಅಕ್ಕ ಕೇಳಿದಳು: "ಮುರಿದಿಲ್ಲ ಅಂತ ನೀವೇ ಅಂತೀರ. ಮತ್ತೆ ಏನನ್ನ ಸರಿ ಮಾಡ್ತೀರ ಸಾರ್?"

"ಮುರಿದ ಮೇಲೆ ಬಂದ್ರೂ ಇದೇ ರಾಡ್ ಹಾಕ್ತೀನಮ್ಮ. ಎದ್ದು ಓಡಾಡ್ತೀರ ಅಂತ ಈಗ ಹೇಳ್ತಾ ಇದ್ದೀನಿ. ಆಗ ಹೇಳಕ್ಕಾಗಲ್ಲ."

ಅವಳು ಸೆರಗು ಸರಿ ಮಾಡಿಕೊಂಡು ಎದ್ದಳು. ಆ ಕಾಲನ್ನೇ ಊರಿ ಎದ್ದಳು. ಹುಳ ನಾಲ್ಕನೇ ಜ್ವರ ಎದ್ದು ಎರಡು ದಿನವಾಗಿದೆ, ಇನ್ನೊಂದು ವಾರ, ಗೂಡು ಕಟ್ಟಿದ ಮೇಲೆ ಬರ್ತೀನಿ ಎಂದಳು. ಹುಳ ನಾಲ್ಕು ಸಲ ಪೊರೆ ಬಿಡುತ್ತದೆ, ಪೊರೆ ಬಿಡಲು ಮಿಸುಕಾಡದೆ ಕೂತದ್ದನ್ನು ನಮ್ಮ ಕಡೆ ಜ್ವರ ಎನ್ನುತ್ತೇವೆ. ನಾಲ್ಕನೆಯದು ಎದ್ದ ಮೇಲೆ ಅದಕ್ಕೆ ಹುಚ್ಚು ಹಸಿವು. ಹಗಲು ರಾತ್ರಿ ತಿನ್ನುತ್ತದೆ. ಆ ವಾರ ಸಾಕಿದವರು ಮನೆ ಬಿಟ್ಟು ಕದಲುವುದಿಲ್ಲ, ಹೊರಗಿನವರನ್ನು ಹುಳು ಮನೆಯ ಹೊಸಿಲು ದಾಟಲು ಬಿಡುವುದಿಲ್ಲ. ಅಕ್ಕನ ಪಾಲಿಗೆ ಹೊರಗಿನವರಲ್ಲಿ ಭಾವನೂ ಸೇರಿದ್ದ. ಅವನ ಬಟ್ಟೆಯಲ್ಲಿ ಬೀಡಿ ವಾಸನೆ.

ನಾನು ರಜೆ ಹಾಕಿ ಅವಳ ಮನೆಗೆ ಹೋದೆ. ಒಪ್ಪಂದ ಇಷ್ಟು: ಸೊಪ್ಪು ಕುಯ್ಯುವುದು, ಹೊರುವುದು, ಹಾಕುವುದು ನಾನು. ಅವಳು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಹೇಳುವುದು ಮಾತ್ರ. ಚಿಕ್ಕಂದಿನಲ್ಲಿ ನಮ್ಮ ಮನೆಯಲ್ಲೂ ಹುಳ ಇತ್ತು. ಒದ್ದೆ ಸೊಪ್ಪು ಹಾಕಿದ್ದಕ್ಕೆ ಅಕ್ಕ ನನಗೆ ಅದೇ ರೆಂಬೆಯಲ್ಲಿ ಬಾರಿಸಿದ್ದಳು. ಆದ್ದರಿಂದ ನನಗೆ ಕೆಲಸ ಗೊತ್ತಿರಲಿಲ್ಲ ಎಂದು ಹೇಳುವ ಹಾಗಿಲ್ಲ.

ಆ ತೋಟದಲ್ಲಿ ಒಂದು ನಿಯಮವಿತ್ತು. ಬೇಲಿಯ ಆಚೆ ಟೊಮೆಟೊ. ಟೊಮೆಟೊ ಬೆಳೆದ ಮೇಲೆ ಔಷಧಿ ಹೊಡೆಯಲೇಬೇಕು, ಗಾಳಿ ಅದನ್ನು ಈಚೆ ತರುತ್ತದೆ. ಔಷಧಿ ಬಿದ್ದ ಸೊಪ್ಪು ತಿಂದರೆ ಹುಳ ಉಳಿಯುವುದಿಲ್ಲ. ಔಷಧಿ ಹೊಡೆದಾಗೆಲ್ಲ ಬೇಲಿ ಪಕ್ಕದ ನಾಲ್ಕು ಸಾಲು ನಮ್ಮದಲ್ಲ ಅಂದುಕೋ ಎಂದು ಅಕ್ಕ ಮೊದಲ ದಿನವೇ ಹೇಳಿದ್ದಳು. ಟೊಮೆಟೊ ತೋಟದವನಿಗೂ ಒಂದು ನಿಯಮ. ಅವನು ಶ್ರೀನಿವಾಸಪುರದ ಕಡೆಯಿಂದ ಇಲ್ಲಿಗೆ ಮನೆ ಅಳಿಯನಾಗಿ ಬಂದವನು, ಮನೆಯಲ್ಲಿ ತೆಲುಗು, ನಮ್ಮೊಡನೆ ಕನ್ನಡ. ಔಷಧಿ ಹೊಡೆಯುವ ದಿನ ಅವನು ಹುಳು ಮನೆಯ ಹತ್ತಿರಕ್ಕೆ ಬಂದು, ಹೊಸಿಲಿನಿಂದ ದೂರ ನಿಂತು, ಇವತ್ತು ಹೊಡೀತೀನಕ್ಕಾ ಎಂದು ಕೂಗಿ ಹೇಳಿ ಹೋಗಬೇಕು. ಹದಿನೈದು ವರ್ಷದಿಂದ ಹೇಳುತ್ತಾ ಬಂದಿದ್ದ. ಯಾರೂ ಬರೆದುಕೊಟ್ಟ ನಿಯಮವಲ್ಲ.

ಮೂರನೆಯ ದಿನ ಬೆಳಿಗ್ಗೆ ನಾನು ಸೊಪ್ಪಿನ ಹೊರೆ ಹೊತ್ತು ಬಂದಾಗ ಕುರ್ಚಿ ಖಾಲಿ ಇತ್ತು. ಒಳಗೆ ಅಕ್ಕ ಸ್ಟೂಲಿನ ಮೇಲೆ ನಿಂತಿದ್ದಳು. ಎರಡೂ ಕೈ ಹುಳ ಸಾಕುವ ಸ್ಟ್ಯಾಂಡಿನ ಮೇಲಿನ ಅಂತಸ್ತಿನಲ್ಲಿ, ಇಡೀ ಮೈ ಆ ಬಲಗಾಲಿನ ಮೇಲೆ. ಸಾವಿರಾರು ಹುಳ ತಿನ್ನುವ ಸದ್ದು, ಸೀಮೆಎಣ್ಣೆ ಸ್ಟವ್ ಉರಿದ ಹಾಗೆ. ಅಕ್ಕಾ ಎಂದೆ. ಅವಳು ಬೆಚ್ಚಿ ತಿರುಗಿದಳು, ಸ್ಟೂಲು ವಾಲಿತು, ಅವಳು ಕಂಬ ಹಿಡಿದು ನೇತುಬಿದ್ದಳು, ಕಾಲು ಒಳಮುಖವಾಗಿ ತಿರುಚಿಕೊಂಡಿತು. ಮುಖ ಬೂದಿಯಾಯಿತು. ನಾನು ಹೊರೆ ಬಿಸಾಕಿ ಅವಳ ಸೊಂಟ ತಬ್ಬಿ ಹಿಡಿದೆ.

ಇಬ್ಬರೂ ಕಾದೆವು. ಏನೂ ಮುರಿಯಲಿಲ್ಲ.

ಅವಳು ನಕ್ಕಳು. "ನೋಡ್ದಾ? ಗಟ್ಟಿಯಾಗೇ ಐತೆ."

ನಾನು ಅವಳನ್ನು ಹಾಗೇ ಎತ್ತಿ ಹೊರಗೆ ಎಳೆದುಕೊಂಡು ಬಂದೆ. ಅವಳು ನನ್ನ ಎದೆಗೆ ಗುದ್ದಿದಳು, ಕೂದಲು ಹಿಡಿದು ಎಳೆದಳು, ಕೊನೆಗೆ ಮುಂಗೈಗೆ ಹಲ್ಲು ಊರಿದಳು. ನಾನೂ ಬಿಡಲಿಲ್ಲ. ಐವತ್ತು ದಾಟಿದ ರೋಗಿ, ನನ್ನನ್ನು ಎತ್ತಿ ಆಡಿಸಿದವಳು, ಅವಳ ರಟ್ಟೆಯ ಮೇಲೆ ನನ್ನ ನಾಲ್ಕು ಬೆರಳು ಕೆಂಪಗೆ ಮೂಡಿದವು. ಕುರ್ಚಿಯಲ್ಲಿ ಕುಕ್ಕಿದೆ. ನಿನ್ನ ಹುಳಕ್ಕೆ ಬೆಂಕಿ ಬೀಳ ಎಂದೆ. ಇದು ಖಂಡಿತ ನೆನಪಿದೆ, ಯಾಕೆಂದರೆ ಅವಳು ತಟ್ಟನೆ ಎರಡೂ ಕೈ ಎತ್ತಿ ನನ್ನ ಬಾಯಿ ಮುಚ್ಚಲು ಬಂದಳು, ಹುಳಕ್ಕೆ ಕೇಳಿಸುತ್ತದೆ ಅನ್ನುವವಳ ಹಾಗೆ.

ಅಲ್ಲಿಂದ ಕುಡುಗೋಲು ತೆಗೆದುಕೊಂಡು ತೋಟಕ್ಕೆ ಹೋದೆ. ಬದುವಿನ ಮೇಲೆ ಟೊಮೆಟೊದವನು ಬೆನ್ನಿಗೆ ಕ್ಯಾನು ಕಟ್ಟಿಕೊಂಡು ನಿಂತಿದ್ದ. ಹುಳು ಮನೆಯ ಕಡೆ ಹೋಗುತ್ತಿದ್ದವನು, ನನ್ನನ್ನು ಕಂಡು ಅಲ್ಲೇ ನಿಂತ. "ಇವತ್ತು ಹೊಡೀತಾ ಇದ್ದೀನಣ್ಣಾ. ನಾಲ್ಕು ಸಾಲು ಬಿಟ್ಟುಬಿಡಿ, ಅಕ್ಕಂಗೆ ಹೇಳ್ಬಿಡಿ" ಎಂದ. ಆಯ್ತು ಎಂದೆ.

ಸಂಜೆ ಆ ನಾಲ್ಕು ಸಾಲಿನ ಸೊಪ್ಪನ್ನು ಕುಯ್ದು ತಂದು ಹಾಕಿದೆ.

ಇದನ್ನು ನಾನು ಮೂರು ಥರ ನೆನಪಿಟ್ಟುಕೊಂಡಿದ್ದೇನೆ. ಒಂದರಲ್ಲಿ ಕೈ ಉರಿಯುತ್ತಿತ್ತು, ಸಿಟ್ಟಿನಲ್ಲಿ ಅವನ ಮಾತು ಮರೆತೇಹೋಗಿತ್ತು. ಇನ್ನೊಂದರಲ್ಲಿ ಗಾಳಿ ಅತ್ತ ಕಡೆ ಬೀಸುತ್ತಿತ್ತು, ಸೊಪ್ಪಿಗೆ ಏನೂ ಬಿದ್ದಿಲ್ಲ ಅಂದುಕೊಂಡೆ. ಮೂರನೆಯದರಲ್ಲಿ ನಾನು ಆ ಸಾಲುಗಳ ನಡುವೆ ನಿಂತು ಒಂದು ಎಲೆ ಕಿತ್ತು ಮೂಸಿದೆ, ವಾಸನೆ ಮೂಗಿಗೆ ಹೊಡೆಯಿತು, ಹುಳ ಇಲ್ಲದಿದ್ದರೆ ಅವಳು ನಾಳೆಯೇ ಆಸ್ಪತ್ರೆಗೆ ಬರುತ್ತಾಳೆ ಅಂದುಕೊಂಡೆ, ಕುಯ್ದೆ. ಮೊದಲ ಎರಡನ್ನು ನನಗೆ ನಾನೇ ಹೇಳಿ ಹೇಳಿ ನುಣುಪಾಗಿಸಿದ್ದೇನೆ, ಗಾಳಿಯ ದಿಕ್ಕು ಕೂಡ ಬಾಯಿಗೆ ಸರಾಗ ಬರುತ್ತದೆ. ಮೂರನೆಯದನ್ನು ಹೇಳಹೊರಟರೆ ಆ ಎಲೆ ಈಗಲೂ ಮೂಗಿಗೆ ಬರುತ್ತದೆ. ಅದನ್ನೇ ನಂಬುತ್ತೇನೆ.

ಬೆಳಿಗ್ಗೆ ಹುಳು ಮನೆ ಸದ್ದಿಲ್ಲದೆ ಇತ್ತು. ಅಕ್ಕ ಅದನ್ನು ಹಾಸಿಗೆಯಿಂದಲೇ ಕೇಳಿದಳು, ಅಂದರೆ ಕೇಳಿಸದೆ ಇದ್ದದ್ದನ್ನು. ನಾನು ತಡೆಯುವಷ್ಟರಲ್ಲಿ ಗೋಡೆ ಹಿಡಿದು ಅಲ್ಲಿಗೆ ಹೋಗಿಬಿಟ್ಟಿದ್ದಳು. ಔಷಧಿ ತಗುಲಿದ ಹುಳ ಒಮ್ಮೆಲೇ ಸಾಯುವುದಿಲ್ಲ. ತಲೆ ಎತ್ತಿ ಆ ಕಡೆ ಈ ಕಡೆ ಬಡಿಯುತ್ತದೆ. ಹಸಿರು ವಾಂತಿ ಮಾಡಿಕೊಳ್ಳುತ್ತದೆ. ಬೆರಳು ದಪ್ಪ ಇದ್ದದ್ದು ಮೊಟಕಾಗಿ ಸುಕ್ಕುಗಟ್ಟಿ, ಸುರುಳಿ ತಿರುಗಿ, ಪಕ್ಕದ್ದಕ್ಕೆ ಡಿಕ್ಕಿ ಹೊಡೆದು ಅದರ ಮೇಲೆ ಹೊರಳುತ್ತದೆ. ಎಲ್ಲ ಅಂತಸ್ತುಗಳಲ್ಲೂ ಅದೇ. ಇಡೀ ಕೋಣೆ ತುಂಬ ತಲೆಗಳು ಏಳುತ್ತಿದ್ದವು, ಬೀಳುತ್ತಿದ್ದವು. ಕೆಲವು ಕೆಳಗೆ ಉದುರಿ ಅಕ್ಕನ ಬರಿಗಾಲ ಕೆಳಗೆ ಸಿಕ್ಕಿ ಒಡೆದವು. ಅವಳು ಒಂದು ರೆಂಬೆ ಎತ್ತಿ ಮೂಸಿದಳು. ಅಲ್ಲೇ ಗೋಡೆಗೆ ಒರಗಿ ಕುಸಿದು ಕೂತಳು, ಆ ಕಾಲನ್ನು ಎರಡೂ ಕೈಯಲ್ಲಿ ಹಿಡಿದು ಮುಂದಕ್ಕೆ ಚಾಚಿಕೊಂಡು. ಅಷ್ಟು ದಿನದಲ್ಲಿ ಅವಳು ಆ ಕಾಲನ್ನು ಜೋಪಾನ ಮಾಡಿದ್ದು ಅದೇ ಮೊದಲು.

ಭಾವ ಟೆಂಪೊ ತೊಳೆಯುತ್ತಿದ್ದವನು ಬಂದು ನೋಡಿದ. ಅವನು ಮಾತಾಡುವುದು ಕಮ್ಮಿ. ನೇರ ಬೇಲಿಯ ಹತ್ತಿರ ಹೋಗಿ ಟೊಮೆಟೊದವನನ್ನು ಕರೆದ. ಅವನು ಗಿಡ ಕಟ್ಟುತ್ತಿದ್ದ, ಕೈಯಲ್ಲಿ ದಾರದ ಉಂಡೆ ಹಿಡಿದುಕೊಂಡೇ ಬಂದ. ಹೇಳದೆ ಯಾಕೋ ಹೊಡೆದೆ ಎಂದು ಭಾವ ಕೇಳಿದ. ಹೇಳಿದ್ನಲ್ಲಣ್ಣಾ, ನಿಮ್ಮ ಬಾಮೈದಂಗೆ ಹೇಳಿದ್ನಲ್ಲ, ಇಲ್ಲೇ ಬದುವಿನ ಮೇಲೆ ಎಂದು ಅವನು ನನ್ನ ಕಡೆ ಕೈ ತೋರಿಸಿದ.

ಭಾವ ತಿರುಗಿ ನನ್ನನ್ನು ನೋಡಿದ. "ಹೇಳಿದ್ನೇನೋ?"

"ಇಲ್ಲ" ಎಂದೆ.

ಟೊಮೆಟೊ ಗಿಡಕ್ಕೆ ಆಸರೆಗೆ ನೀಲಗಿರಿ ಕಡ್ಡಿ ನೆಟ್ಟಿರುತ್ತಾರೆ, ಆಳೆತ್ತರದವು, ಹೆಬ್ಬೆರಳಿಗಿಂತ ದಪ್ಪ. ಭಾವ ಒಂದನ್ನು ಗಿಡದ ಸಮೇತ ಕಿತ್ತ. ಮೊದಲ ಏಟು ಹೆಗಲಿಗೆ ಬಿತ್ತು. ಎರಡನೆಯದು ಬೆನ್ನಿಗೆ. ಅವನು ದಾರದ ಉಂಡೆ ಬಿಟ್ಟು ಕೂತುಬಿಟ್ಟ, ಕೊಟ್ಟೊದ್ದನ್ನಾ, ಕೊಟ್ಟೊದ್ದು ಎಂದು ತೆಲುಗಿನಲ್ಲಿ ಬೇಡಿಕೊಂಡ. ಹೊಡೆಯಬೇಡ ಅನ್ನುವುದನ್ನು ಮನೆಯ ಮಾತಿನಲ್ಲೇ ಅನ್ನುತ್ತಾರೆ ಎಲ್ಲರೂ. ಹಸಿರು ಕಾಯಿಗಳು ಸಿಡಿದು ಅವನ ಮುಖಕ್ಕೆ ರಾಚಿದವು. ಮೂರನೆಯ ಏಟಿಗೆ ತಲೆ ಕಾಯ್ದುಕೊಳ್ಳಲು ಬಲಗೈ ಮೇಲೆತ್ತಿದ. ಕಡ್ಡಿ ಮುಂಗೈ ಮೇಲೆ ಬಿತ್ತು. ಆ ಸದ್ದನ್ನು ನಾನು ಕೇಳಿದೆ. ನಡುವೆ ಬಾಗಿಲಿರಲಿಲ್ಲ, ಟಿವಿ ಇರಲಿಲ್ಲ. ಒಣ ಸೌದೆ ಮುರಿದ ಹಾಗೆ ಎಂದು ಬರೆಯಲು ಹೊರಟಿದ್ದೆ. ಸೌದೆಯ ಹಾಗಿರಲಿಲ್ಲ. ಒದ್ದೆಯಾಗಿತ್ತು.

ನಾಲ್ಕನೆಯ ಏಟಿಗೆ ಭಾವ ಕಡ್ಡಿ ಎತ್ತಿದಾಗ ನಾನು ಹೋಗಿ ಅವನನ್ನು ತಬ್ಬಿ ಹಿಡಿದೆ. ಊರಿನವರು ಬಂದರು. ಜಗಳ ಬಿಡಿಸಿದವನು ನಾನು ಎಂದು ಎಲ್ಲರೂ ಅಂದರು.

ಮಾರನೆಯ ಬೆಳಿಗ್ಗೆ ಅಕ್ಕ ಸ್ನಾನ ಮಾಡಿ ಸಿದ್ಧವಾಗಿದ್ದಳು. ನಡಿ, ಹೊಡೆಸ್ಕೊಂಡು ಬರೋಣ ಎಂದಳು. ರಾಡನ್ನು ಹೊಡೆಸಿಕೊಳ್ಳುವುದು ಎಂದು. ಆ ಟೊಮೆಟೊದವನನ್ನೂ ಅದೇ ಆಸ್ಪತ್ರೆಗೆ ತಂದಿದ್ದರು, ಅದೇ ಡಾಕ್ಟರು ಅವನ ಮುಂಗೈಗೆ ಪ್ಲೇಟು ಕೂರಿಸಿದರು. ಒಂದೇ ವಾರದಲ್ಲಿ ಒಂದೇ ಊರಿನ ಎರಡು ಮೂಳೆ, ಒಂದು ಮುರಿಯುವ ಮುಂಚೆ ಬಂದಿದೆ, ಇನ್ನೊಂದು ಮುರಿದ ಮೇಲೆ ಎಂದು ಅವರು ಸುಮ್ಮನೆ ತಮಾಷೆಗೆ ಅಂದರು. ಅಕ್ಕನ ಮೂಳೆ ಆ ಜಾಗದಲ್ಲಿ ಮೊಟ್ಟೆಯ ಸಿಪ್ಪೆಯಷ್ಟು ತೆಳ್ಳಗಾಗಿತ್ತು, ಇನ್ನು ನಾಲ್ಕು ದಿನ ತಡೆಯುತ್ತಿರಲಿಲ್ಲ ಎಂದೂ ಅಂದರು. ಅಥವಾ ಮೊಟ್ಟೆಯ ಸಿಪ್ಪೆ ಅಂದದ್ದು ಮಾತ್ರ ಅವರು, ನಾಲ್ಕು ದಿನದ ಮಾತು ನಾನೇ ಸೇರಿಸಿಕೊಂಡದ್ದು. ನನಗೆ ಅದು ಬೇಕಾಗಿತ್ತು. ಆಮೇಲೆ ಹೋಗಿ ಅವರನ್ನೇ ಕೇಳಬಹುದಿತ್ತು, ಕೇಳಲಿಲ್ಲ.

ಟೊಮೆಟೊದವನು ಪೊಲೀಸಿಗೆ ಹೋಗಲಿಲ್ಲ. ಹಿರಿಯರು ಕೂತು ರಾಜಿ ಮಾಡಿದರು: ಆ ಬೆಳೆ ಮುಗಿಯುವ ತನಕ ಅವನ ಟೊಮೆಟೊವನ್ನು ಭಾವನೇ ಕಿತ್ತು ತನ್ನ ಟೆಂಪೊದಲ್ಲಿ ಮಾರ್ಕೆಟ್ಟಿಗೆ ಹಾಕಿ ಬರಬೇಕು. ಭಾವ ಹಾಕಿದ. ಹೇಳದೆ ಔಷಧಿ ಹೊಡೆದವನು ಎಂಬ ಹೆಸರು ಮಾತ್ರ ಟೊಮೆಟೊದವನಿಗೆ ಅಂಟಿತು. ನಮ್ಮ ಕಡೆ ಟೊಮೆಟೊ ಬೆಳೆಯುವವನಿಗೆ ಅದಕ್ಕಿಂತ ಕೆಟ್ಟ ಹೆಸರಿಲ್ಲ.

ಅಕ್ಕ ಆಪರೇಷನ್ ಆದ ಎರಡನೆಯ ದಿನಕ್ಕೇ ವಾಕರ್ ಹಿಡಿದು ನಿಂತಳು. ಆಮೇಲೆ ಬೆಂಗಳೂರಿಗೆ ಹೋಗಿ ಕರೆಂಟು ಕೊಡಿಸಿಕೊಂಡು ಬಂದೆವು. ಒಂದೂವರೆ ತಿಂಗಳಿಗೆ ಕೋಲಿಗೆ ಇಳಿದಳು. ಒಂದು ಭಾನುವಾರ ಫೋನ್ ಮಾಡಿ ಬಾ ಎಂದಳು. ಹೋದೆ. ಭಾವ ಮಾಲೂರಿಗೆ ಹೋಗಿದ್ದ. ಮುದ್ದೆ, ಹುರುಳಿಕಾಳಿನ ಬಸ್ಸಾರು ಬಡಿಸಿ, ನಾನು ತಿನ್ನುವವರೆಗೂ ಎದುರಿಗೆ ಕೂತಿದ್ದಳು. ಹೊಸ ಮೊಟ್ಟೆಗೆ ಹೇಳಿದ್ದೀನಿ, ಇನ್ನು ಹತ್ತು ದಿನಕ್ಕೆ ಹುಳ ಬರುತ್ತೆ ಎಂದಳು. ತೊಡೆಯ ಮೇಲೆ ಕೈಯಾಡಿಸಿಕೊಂಡಳು. ನಡೆಯುವಾಗ ಒಳಗೆ ಏನೋ ತಣ್ಣಗೆ ಇದ್ದ ಹಾಗಾಗುತ್ತೆ ಎಂದಳು. ಆಮೇಲೆ ಅಂದಳು:

"ಹೆಜ್ಜೆ ಇಟ್ಟಾಗ್ಲೆಲ್ಲ ಅವನ ಕೈ ಜ್ಞಾಪಕ ಬರ್ತದೆ ಕಣೋ. ಹದಿನೈದು ವರ್ಷದಲ್ಲಿ ಒಂದಿನ ಹೇಳದೆ ಹೊಡೆದವನಲ್ಲ. ಅವತ್ತು ಮಾತ್ರ ಯಾಕೆ ಹೇಳ್ಲಿಲ್ಲ?"

ಪ್ರಶ್ನೆಯನ್ನು ಅವಳು ನನ್ನನ್ನು ನೋಡಿ ಕೇಳಲಿಲ್ಲ. ಅಂಗಳದ ಕಡೆ ನೋಡುತ್ತಿದ್ದಳು. ಅವಳಿಗೆ ಆಗಲೇ ಗೊತ್ತಿತ್ತು ಎಂದು ಯಾರಾದರೂ ಅಂದುಕೊಳ್ಳಬಹುದು. ಗೊತ್ತಿರಲಿಲ್ಲ. ನಾನು ಹೇಳಿದಾಗ ಅವಳ ಮುಖ ಸ್ಟೂಲಿನಿಂದ ವಾಲಿದ ದಿನದ ಹಾಗೆ ಬೂದಿಯಾದದ್ದನ್ನು ನೋಡಿದೆ. ಹೇಳಿದ್ದ ಎಂದೆ. ಸೊಪ್ಪು ಮೂಸಿದ್ದೆ, ಗೊತ್ತಿತ್ತು ಎಂದೆ. ನಿನ್ನ ಕಾಲಿಗೋಸ್ಕರ ಎಂದೆ.

"ನನ್ನ ಕಾಲಿಗೆ ಯಾವನ ಕೈ ಬೇಕು ಅಂತ ನಾನು ಕೇಳಿದ್ನಾ?" ಎಂದಳು. ಆಮೇಲೆ "ಎದ್ದೇಳ್ಲಾ" ಎಂದಳು.

ಕೈ ತೊಳೆಯಲೂ ಬಿಡಲಿಲ್ಲ. ಕೋಲನ್ನು ಗೋಡೆಗೆ ಒರಗಿಸಿಟ್ಟು ಹೊರಟಳು. ಬದುವಿನ ಮೇಲೆ ಬೀಳ್ತೀಯ ಅಕ್ಕಾ ಎಂದೆ. ಕೇಳಿಸಿಕೊಳ್ಳಲಿಲ್ಲ. ನನ್ನ ಅಂಗಿಯ ತೋಳನ್ನು ಹಿಡಿದು ಎಳೆದುಕೊಂಡೇ ನಡೆದಳು, ಸ್ವಲ್ಪ ಬಲಕ್ಕೆ ವಾಲುತ್ತಾ, ಒಂದು ಕಡೆಯೂ ನಿಲ್ಲದೆ. ಹುಳು ಮನೆ ದಾಟಿದೆವು, ತೋಟ ದಾಟಿದೆವು. ಬೇಲಿ ಪಕ್ಕದ ನಾಲ್ಕು ಸಾಲಿನಲ್ಲಿ ಮತ್ತೆ ಸೊಪ್ಪು ಬಂದಿತ್ತು.

ಟೊಮೆಟೊದವನು ಮನೆಯ ಮುಂದೆ ಕ್ರೇಟುಗಳ ಮೇಲೆ ಕೂತಿದ್ದ. ಬಲಗೈ ಪಟ್ಟಿಯಲ್ಲಿ ಕುತ್ತಿಗೆಗೆ ತೂಗುಬಿದ್ದಿತ್ತು. ಅಕ್ಕನನ್ನು ಕೋಲಿಲ್ಲದೆ ಕಂಡು ಎದ್ದು ನಿಂತ. ಅಕ್ಕ ನನ್ನ ತೋಳು ಬಿಟ್ಟು, ಹೇಳು ಎಂದಳು. ನಾನು ಹೇಳಿದೆ. ಬದುವಿನ ಮೇಲೆ ಅವನು ಹೇಳಿದ್ದು, ನಾನು ಆಯ್ತು ಅಂದದ್ದು, ಆಮೇಲೆ ಇಲ್ಲ ಅಂದದ್ದು. ಮಧ್ಯದಲ್ಲಿ ಅವನ ಹೆಂಡತಿ ಬಾಗಿಲಿಗೆ ಬಂದು ನಿಂತಳು.

ಅವನು ನನ್ನನ್ನು ಹೊಡೆದ. ಎಡಗೆನ್ನೆ ಉರಿದದ್ದು ನನಗೆ ಸ್ಪಷ್ಟವಾಗಿ ನೆನಪಿದೆ, ಇದನ್ನು ಬರೆಯುವಾಗಲೂ ಅಲ್ಲಿ ಬಿಸಿ ಇದೆ. ಆದರೆ ಅವನ ಬಲಗೈ ಪಟ್ಟಿಯಲ್ಲಿತ್ತು. ಎದುರು ನಿಂತವನು ಎಡಗೈಯಲ್ಲಿ ಹೊಡೆದರೆ ಬೀಳುವುದು ನನ್ನ ಬಲಗೆನ್ನೆಗೆ. ಇಷ್ಟು ದೊಡ್ಡ ವಿಷಯದಲ್ಲೇ ನೆನಪು ಹೀಗೆ ಕೈಕೊಟ್ಟರೆ ಮಿಕ್ಕದ್ದನ್ನು ಎಷ್ಟು ನಂಬಬೇಕೋ ಓದುವವರಿಗೆ ಬಿಟ್ಟದ್ದು. ಏಟಿಗೆ ನಾನು ಕ್ರೇಟುಗಳ ಮೇಲೆ ಬಿದ್ದೆ. ಎದ್ದಾಗ ಅವನು ಇನ್ನೊಂದು ಹೊಡೆಯಲು ಅಭ್ಯಾಸವಿಲ್ಲದ ಎಡಗೈ ಎತ್ತಿದ್ದ. ಏಟಿನ ರಭಸಕ್ಕೆ ಪಟ್ಟಿಯಲ್ಲಿದ್ದ ಮುರಿದ ಕೈ ಅಲುಗಿ ಅವನು ಹಲ್ಲು ಕಚ್ಚಿಕೊಂಡಿದ್ದ.

ಅಕ್ಕ ಮುಂದೆ ಬಂದಳು. ನನ್ನನ್ನು ದಾಟಿಕೊಂಡು ಹೋಗಿ ಅವನ ಪಟ್ಟಿಯ ಕೆಳಗೆ ಅಂಗೈ ಕೊಟ್ಟು ಹಿಡಿದಳು.

"ನೋವಾಯ್ತೇನಪ್ಪಾ?" ಎಂದು ಅವನನ್ನು ಕೇಳಿದಳು.

ಅವನು ಹೂಂ ಎಂದ. ಆಮೇಲೆ ನನ್ನ ಕಡೆ ನೋಡಿ, ಇದನ್ನ ಮನೆ ಯಜಮಾನ್ರಿಗೆ ಹೇಳ್ಬೇಡಕ್ಕಾ, ಇವರ ಮೂಳೇನೂ ಹೋಗುತ್ತೆ ಎಂದ. ಹೇಳದೆ ಇದ್ದದ್ದು ಸಾಕು ಎಂದಳು ಅಕ್ಕ. ಆದರೆ ಅವಳು ಹೇಳುವುದಿಲ್ಲವಂತೆ, ನಾನೇ ಹೇಳಬೇಕಂತೆ. ಹೇಳುವ ತನಕ ಹುಳು ಮನೆಯ ಹೊಸಿಲು ನನಗಿಲ್ಲ.

ಅದಾಗಿ ಎರಡು ಬೆಳೆ ಗೂಡು ಕಟ್ಟಿವೆ. ರಾಡು ಕದಲಿಲ್ಲ, ಅಕ್ಕ ಓಡಾಡುತ್ತಿದ್ದಾಳೆ. ಭಾವ ಇಂಥದ್ದನ್ನೆಲ್ಲ ಓದುವವನಲ್ಲ. ಅದಕ್ಕೇ ಇದನ್ನು ಬರೆದು ಮುಗಿಸಿಬಿಟ್ಟರೆ ಹೇಳಿದ ಹಾಗೇ ಆಯಿತು ಎಂದು ನನಗೆ ನಾನೇ ಹೇಳಿಕೊಳ್ಳುವ ಸಾಧ್ಯತೆ ಇದೆ. ಸೊಪ್ಪು ಕುಯ್ದದ್ದನ್ನು ಮೂರು ಥರ ನೆನಪಿಟ್ಟುಕೊಂಡಿದ್ದೆನಲ್ಲ, ಅದು ನಾಲ್ಕನೆಯ ಥರ. ನಾಳೆ ಭಾವ ಮಾಲೂರಿನಿಂದ ಮಧ್ಯಾಹ್ನಕ್ಕೆ ಬರುತ್ತಾನೆ. ಹನ್ನೊಂದರ ಬಸ್ಸಿಗೆ ಹೋಗುತ್ತೇನೆ.